ಐದನೇ ತಿರುವಿನ ಹುಲ್ಲು

ಆ ಭಾನುವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ನಾನು ನಿಂತಿದ್ದದ್ದು ಥಾಯ್ಲೆಂಡಿನ ಒಂದು ಹಳೆಯ ರೇಸ್ ಟ್ರ್ಯಾಕಿನ ಐದನೇ ತಿರುವಿನಲ್ಲಿ, ಹೊರಮಗ್ಗುಲಿಗೆ, ತಂತಿ ಬೇಲಿಯ ಹಿಂದೆ. ನನ್ನ ಬಲಗಡೆ ಬಾವುಟ ಹಿಡಿದವನು ನಿಲ್ಲುವ ಮರದ ಅಟ್ಟಣೆ. ಎಡಗಡೆ ಐಸ್ ಪೆಟ್ಟಿಗೆಯಲ್ಲಿ ಎಳನೀರು ಇಟ್ಟುಕೊಂಡು ಮಾರುವ ಹೆಂಗಸು. ಬೇಲಿಯ ಆಚೆ, ಟಾರಿನ ಅಂಚಿಗೆ ಒಂದೆರಡು ಮಾರು ಬಿಟ್ಟು, ಭತ್ತದ ಹುಲ್ಲಿನ ಪಿಂಡಿಗಳನ್ನು ಗೋಡೆಯಂತೆ ಸಾಲಾಗಿ ಜೋಡಿಸಿದ್ದರು. ಬಿದ್ದವರಿಗೆ ಪೆಟ್ಟು ಕಡಿಮೆಯಾಗಲಿ ಎಂದು. ಆ ಸಾಲು ತಿರುವಿನ ಉದ್ದಕ್ಕೂ ಇರಲಿಲ್ಲ. ಅದು ಮುಗಿದ ಮೇಲೆ ಒಂದು ಎತ್ತಿನಗಾಡಿ ಹೋಗುವಷ್ಟು ತೆರಪು, ಅದರಾಚೆ ಬರೀ ಹಸಿರು ಹುಲ್ಲಿನ ಬಯಲು. ಬಿಸಿಲು ನನ್ನ ಬೆನ್ನಿಗಿತ್ತು. ಕಣ್ಣು ಕುಕ್ಕುತ್ತಿರಲಿಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. ನನ್ನನ್ನು ಅಲ್ಲಿಗೆ ಕಳಿಸಿದ್ದೇ ನೋಡಿಕೊಂಡು ಬರಲು.

ಅರಸೀಕೆರೆ

ನನ್ನ ತಂಗಿ ಸುಮಿತ್ರಾ ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ವಾರದ ರಜೆಗೆ ಹಳೇಬೀಡಿನ ಮೇಲೆ ಹಗರೆಗೆ, ಅವ್ವನಿದ್ದಲ್ಲಿಗೆ ಬರುತ್ತಾಳೆ. ಅವಳ ಹಳೆಯ ಸ್ಕೂಟರು ಹತ್ತು ವರ್ಷ ದುಡಿದು ಸುಸ್ತಾದಾಗ ಸ್ಪೋರ್ಟ್ಸ್ ಬೈಕ್ ಕೊಳ್ಳುತ್ತೇನೆಂದಳು. ಷೋರೂಮಿಗೆ ಜೊತೆಗೆ ಹೋದದ್ದು ನಾನು. ಮಾರುವವನು ನೇರ ನನ್ನ ಹತ್ತಿರ ಬಂದ.

"ಸರ್‌ಗೆ ಯಾವ ಕಲರ್ ತೋರಿಸ್ಲಿ?"

"ನಂಗೆ ಬೇಡ ಕಣಪ್ಪ. ಅವ್ರಿಗೆ ತೋರ್ಸು."

ಅವನು ಸುಮಿಯನ್ನು ನೋಡಿದ. ಸೀಟಿನ ಎತ್ತರ ನೋಡಿದ. ಮತ್ತೆ ಸುಮಿಯನ್ನು ನೋಡಿದ.

ಎರಡು ಗಾಡಿಗಳಿದ್ದವು. ಒಂದು ದೊಡ್ಡದು, ಕಪ್ಪು, ಶಬ್ದ ಗಂಭೀರ. ಇನ್ನೊಂದು ಅದಕ್ಕಿಂತ ಸಪೂರ, ಕಡುನೀಲಿ. ಅಂಗಡಿಗೆ ಬಂದಿದ್ದ ಬೇರೆಯವರೆಲ್ಲ ಎಂಜಿನ್ ಚಾಲು ಮಾಡಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಸುಮಿ ಚಾಲು ಮಾಡಿಸಲೇ ಇಲ್ಲ. ಗಾಡಿಯನ್ನು ಕೈಯಲ್ಲಿ ಹಿಂದಕ್ಕೆ ತಳ್ಳಿದಳು, ಮುಂದಕ್ಕೆ ತಳ್ಳಿದಳು. ಹ್ಯಾಂಡಲ್ ಎಷ್ಟು ತಿರುಗುತ್ತದೆ ನೋಡಿದಳು. ಏರಿ ಕೂತು ಎರಡೂ ಪಾದದ ಮುಂಭಾಗ ನೆಲಕ್ಕೆ ತಾಕುತ್ತದೆಯೇ ಪರೀಕ್ಷಿಸಿದಳು. ಆಮೇಲೆ ಮಾರುವವನಿಗೆ ಹೇಳಿದಳು: "ಇದನ್ನ ಒಂದ್ಸಲ ಮಲಗಿಸ್ರೀ."

"ಮೇಡಂ?"

"ನೆಲಕ್ಕೆ ಮಲಗಿಸಿ. ಬಿದ್ರೆ ಎತ್ತೋಳು ನಾನೇ ತಾನೇ. ಎತ್ತಕ್ಕಾಗುತ್ತಾ ನೋಡ್ಬೇಕು."

ಅವನು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದ. ಪಕ್ಕದ ಮಂಡಿಯಿಂದ ಕೊಬ್ಬರಿ ತುಂಬುವ ಖಾಲಿ ಚೀಲಗಳನ್ನು ತಂದು ಹಾಸಿ, ಅದರ ಮೇಲೆ ಜನ ಓಡಿಸಿ ನೋಡಲೆಂದು ಇಟ್ಟಿದ್ದ ಎರಡೂ ಗಾಡಿಗಳನ್ನು ಒಂದಾದ ಮೇಲೊಂದು ಮಲಗಿಸಿದರು. ಸುಮಿ ಗಾಡಿಗೆ ಬೆನ್ನು ಹಾಕಿ ಕುಕ್ಕರಿಸಿ, ಸೊಂಟವನ್ನು ಸೀಟಿಗೆ ಒತ್ತಿ, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಗೆ ಕೊಟ್ಟು, ಹಿಂದುಹಿಂದಕ್ಕೆ ಸಣ್ಣ ಹೆಜ್ಜೆ ಹಾಕುತ್ತ ಎತ್ತಿ ನೋಡಿದಳು. ರೋಗಿಗಳನ್ನು ಮಂಚದಿಂದ ಎತ್ತುವುದೂ ಹೀಗೇ, ಬೆನ್ನಿನಿಂದಲ್ಲ ಕಾಲಿನಿಂದ ಎತ್ತಬೇಕು ಎಂದಳು. ಕಪ್ಪು ಗಾಡಿ ಅರ್ಧ ಎದ್ದು ಮತ್ತೆ ಮಲಗಿತು. ನೀಲಿ ಎದ್ದಿತು. ನೀಲಿಯನ್ನೇ ಕೊಂಡಳು.

ಹಗರೆಗೆ ತಂದು ನಿಲ್ಲಿಸಿದಾಗ ಅವ್ವ ಅದರ ಸುತ್ತ ಒಂದು ಸುತ್ತು ಬಂದಳು. ಮುಂದಕ್ಕೆ ಬಾಗಿದ ಹ್ಯಾಂಡಲು, ಹಿಂದೆ ಎದ್ದ ಸೀಟು.

"ಇದ್ರ ಮ್ಯಾಲೆ ಕೂರೋದಾ, ಮಲಗೋದಾ?"

ಅವ್ವ ಗಾಡಿಗಳ ವಿಷಯ ತಿಳಿಯದವಳಲ್ಲ. ನಾವು ಚಿಕ್ಕವರಿದ್ದಾಗ ಸುಗ್ಗಿಯಲ್ಲಿ ಅವಳು ರಾಗಿ ತೆನೆಯನ್ನು ಹುಲ್ಲಿನ ಸಮೇತ ಹಳೇಬೀಡು ರಸ್ತೆಯ ಮೇಲೆ ಹರಡುತ್ತಿದ್ದಳು. ಬಸ್ಸು, ಲಾರಿ ಅದರ ಮೇಲೆ ಓಡಾಡಿ ಕಾಳು ಬಿಡಿಸಿಕೊಡುತ್ತಿದ್ದವು. ವಾಹನ ಕಡಿಮೆಯಾದ ಹೊತ್ತಿನಲ್ಲಿ ಅಪ್ಪನ ಮೊಪೆಡ್ ಕೊಟ್ಟು ಸುಮಿಯನ್ನು ಅದರ ಮೇಲೆ ಹೋಗು-ಬಾ ಎಂದು ಓಡಿಸುತ್ತಿದ್ದಳು. ಸುಮಿ ಗಾಡಿ ಕಲಿತದ್ದೇ ಹಾಗೆ. ಆ ಹುಲ್ಲು ಎಣ್ಣೆಗಿಂತ ಜಾರು. ಬ್ರೇಕು ಮುಟ್ಟಿದರೆ ಗಾಡಿ ಒಂದು ಕಡೆ, ನಾವೊಂದು ಕಡೆ. ಅವ್ವ ರಸ್ತೆಯಂಚಿನಲ್ಲಿ ಪೊರಕೆ ಹಿಡಿದು ನಿಂತು ಕೂಗುತ್ತಿದ್ದಳು: "ಬ್ರೇಕ್ ಮುಟ್‌ಬ್ಯಾಡ ಕಣೇ. ಹ್ಯಾಂಡ್ಲು ತಿರುಗಿಸ್‌ಬ್ಯಾಡ. ನೆಟ್ಟಗೆ, ಒಂದೇ ಸಮ ಬಾ." ರಸ್ತೆಯ ಮೇಲೆ ಒಕ್ಕಣೆ ಮಾಡಬಾರದೆಂದು ನಾನು ಸರ್ಕಾರಿ ನೌಕರಿಗೆ ಸೇರಿದ ಮೇಲೆ ಎಷ್ಟೋ ಸಲ ಹೇಳಿದೆ. ನೌಕರಿ ನಿಂದು, ರಾಗಿ ನಂದು ಎನ್ನುತ್ತಿದ್ದಳು.

ನೀಲಿ ಗಾಡಿ ಬಂದ ಮರುವರ್ಷ ಸುಮಿ ಥಾಯ್ಲೆಂಡಿನಲ್ಲಿ ಎರಡು ದಿನದ ಬೈಕ್ ತರಬೇತಿಗೆ ಹೆಸರು ಕೊಟ್ಟಳು. ರೇಸ್ ಟ್ರ್ಯಾಕಿನಲ್ಲಿ ಹೇಗೆ ಓಡಿಸಬೇಕು ಎಂದು ಕಲಿಸುವ ಶಿಬಿರ.

"ಬೀಳಾಕೆ ಅಷ್ಟ್ ದೂರ ಹೋಗ್ಬೇಕಾ? ಬಿಕ್ಕೋಡು ರಸ್ತೇಲಿ ಗುಂಡಿ ಇರ್ಲಿಲ್ವಾ?" ಎಂದಳು ಅವ್ವ.

"ಬೀಳಲ್ಲ ಕಣವ್ವ."

"ಬಿದ್ರೆ?"

"ಬಿದ್ರೆ ಬಂದು ಗಾಡಿ ಮಾರ್ತೀನಿ. ನಿನ್ನಾಣೆ."

ಅವಳು ಹಾಗೆಲ್ಲ ಆಣೆ ಹಾಕುವವಳಲ್ಲ. ಅವ್ವ ನನ್ನ ಕಡೆ ತಿರುಗಿದಳು. "ನೀನೂ ಹೋಗ್ಲಾ. ಇವಳು ಸುಳ್ಳು ಹೇಳಾಕಿಲ್ಲ. ಆದ್ರೆ ಕೇಳದೆ ಏನೂ ಹೇಳಾಕಿಲ್ಲ. ನೀನು ಕಣ್ಣಾರೆ ನೋಡ್ಕೊಂಡು ಬಂದು ಕಂಡಂಗೆ ಹೇಳು."

ನಾನು ಬೇಲೂರು ತಾಲ್ಲೂಕಿನಲ್ಲಿ ಸರ್ವೆ ಕೆಲಸ ಮಾಡಿದವನು. ಎರಡು ಹೊಲದ ನಡುವಿನ ಬದುವಿನ ಮೇಲೆ ನಿಂತು ಯಾರ ಪರವೂ ಅಲ್ಲದೆ ಕಂಡಷ್ಟು ಹೇಳುವುದು ನನಗೆ ರೂಢಿ. ತಂಗಿಯ ವಿಷಯದಲ್ಲಿ ಅದು ಕಷ್ಟ ಎಂದು ಆಗ ಹೊಳೆಯಲಿಲ್ಲ.

ಬ್ಯಾಂಕಾಕಿನಿಂದ ಟ್ರ್ಯಾಕಿಗೆ

ಬ್ಯಾಂಕಾಕಿನಲ್ಲಿ ಮೊದಲು ಗಮನಕ್ಕೆ ಬಂದದ್ದು ಕಿವಿಗೆ ಸಂಬಂಧಿಸಿದ್ದು. ಅಷ್ಟು ವಾಹನವಿದ್ದರೂ ಹಾರನ್ ಇಲ್ಲ. ಸಿಗ್ನಲ್ಲಿನಲ್ಲಿ ನೂರು ಬೈಕು ನಿಂತಿರುತ್ತವೆ, ಹಸಿರು ಬಿದ್ದರೆ ಸದ್ದಿಲ್ಲದೆ ಹರಿದುಹೋಗುತ್ತವೆ. ಬೇಲೂರಿನ ಬಸ್ ನಿಲ್ದಾಣದ ಮುಂದೆ ಇದ್ದಷ್ಟು ಗಲಾಟೆ ಆ ಇಡೀ ಊರಿನಲ್ಲಿ ಕೇಳಲಿಲ್ಲ. ಸುಮಿ ಹೇಳಿದಳು: "ಇವ್ರಿಗೆಲ್ಲ ಕೋಪಾನೇ ಬರಲ್ವಾ ಅಣ್ಣ?"

ಟ್ರ್ಯಾಕಿನ ದಾರಿಯಲ್ಲಿ ವ್ಯಾನಿನವನು ಊಟಕ್ಕೆ ನಿಲ್ಲಿಸಿದ. ಮಾಂಸ ಬೇಡ ಎಂದು ಕೈಸನ್ನೆ ಮಾಡಿ ನೂಡಲ್ಸ್ ತೆಗೆದುಕೊಂಡೆ. ಸಪ್ಪೆಯಾಗಿತ್ತು. ಮೇಜಿನ ಮೇಲಿದ್ದ ಬಟ್ಟಲಿನಿಂದ ಉಪ್ಪು ಎಂದುಕೊಂಡು ಎರಡು ಚಮಚ ಸುರಿದೆ. ಸಕ್ಕರೆ. ತಪ್ಪು ಗೊತ್ತಾಗಿ ತಲೆಯೆತ್ತಿದರೆ ಪಕ್ಕದ ಮೇಜಿನವರೂ ನೂಡಲ್ಸಿಗೆ ಸಕ್ಕರೆಯನ್ನೇ ಹಾಕಿಕೊಳ್ಳುತ್ತಿದ್ದರು. ಮರ್ಯಾದೆ ಉಳಿಯಿತು. ತಿಂದು ಮುಗಿಸಿದೆ.

ಎಳನೀರು ಕೇಳಿದಾಗ ಕೊಟ್ಟದ್ದನ್ನು ನೋಡಿ ಅರಸೀಕೆರೆಯವರು ನಗುತ್ತಾರೆ. ಹಸಿರು ಸಿಪ್ಪೆಯನ್ನು ಪೂರ್ತಿ ಕೆತ್ತಿ, ಬಿಳೀ ಗೋಪುರದ ಆಕಾರ ಮಾಡಿ, ಐಸಿನಲ್ಲಿ ಹೂತಿಟ್ಟಿರುತ್ತಾರೆ. ಒಳಗೆ ಎರಡು ಲೋಟದಷ್ಟು ನೀರು. ರುಚಿಗೆ ಮಾತ್ರ ಏನೂ ಅನ್ನುವಂತಿಲ್ಲ.

ಟ್ರ್ಯಾಕಿನ ಬಾಗಿಲಲ್ಲಿ ಕಂಬದ ಮೇಲೆ ಗೊಂಬೆಮನೆಯಂಥ ಗುಡಿ ಇತ್ತು. ಜಾಗದ ದೇವರಂತೆ. ಎಡೆಗೆ ಕೆಂಪು ಸೋಡಾದ ಬಾಟಲಿಗಳು, ಪ್ರತಿಯೊಂದಕ್ಕೂ ಕುಡಿಯಲು ಒಂದೊಂದು ಕೊಳವೆ. ನಮ್ಮಲ್ಲಿ ದೇವರಿಗೆ ಹಣ್ಣು ಇಡುತ್ತೇವೆ, ಸುಲಿದುಕೊಡುವುದಿಲ್ಲ. ಇವರು ಕೊಳವೆಯನ್ನೂ ಹಾಕಿಡುತ್ತಾರಲ್ಲ ಎಂದು ಸಂತೋಷವಾಯಿತು. ಇಬ್ಬರೂ ಕೈಮುಗಿದೆವು.

ಶನಿವಾರ

ಕಲಿಸುವವರ ಹೆಸರು ಸೋಮ್‌ಚಾಯ್. ಅರುವತ್ತು ದಾಟಿದವರು, ಒಂದು ಕಾಲು ಎಳೆಯುತ್ತ ನಡೆಯುತ್ತಿದ್ದರು. ಹಿಂದೆ ರೇಸಿನಲ್ಲಿ ಓಡಿಸಿದ್ದರಂತೆ. ಅವರ ಇಂಗ್ಲಿಷ್ ನನ್ನದಕ್ಕಿಂತ ಸ್ವಲ್ಪ ಕಡಿಮೆ, ಹಾಗಾಗಿ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಮೈಗೆ ಅಂಟುವ ಇಡೀ ಚರ್ಮದ ಉಡುಪನ್ನು ಬಾಡಿಗೆಗೆ ಕೊಟ್ಟರು. ಸುಮಿ ಅದರೊಳಗೆ ಇಳಿದಳು, ಆದರೆ ಜಿಪ್ಪು ಎದೆಯ ಹತ್ತಿರ ನಿಂತುಬಿಟ್ಟಿತು. ಬ್ಯಾಂಕಾಕಿನ ನೊಯ್ ಎಂಬ ಹೆಂಗಸು, ಅವಳೂ ಕಲಿಯಲು ಬಂದವಳು, ಗೋಡೆಗೆ ಕಾಲು ಕೊಟ್ಟು ಎಳೆದಳು. ಉಡುಪು ಹಾಕಿಕೊಂಡು ಸುಮಿ ಕರಡಿಯಂತೆ ನಡೆದು ಬಂದಳು. "ಫೋಟೊ ತೆಗೆದ್ರೆ ಸಾಯಿಸ್ತೀನಿ ಅಣ್ಣ" ಎಂದಳು. ತೆಗೆದೆ.

ಗಾಡಿ ಆರಿಸಿಕೊಳ್ಳಿ ಎಂದು ಸಾಲು ತೋರಿಸಿದರು. ದೂರದಿಂದ ಬಂದಿದ್ದೀರಿ ಎಂದು ಸೋಮ್‌ಚಾಯ್ ಅವಳಿಗೆ ದೊಡ್ಡದನ್ನೇ ಮುಂದಕ್ಕೆ ತಂದರು. ಸುಮಿ ಇಲ್ಲಿಯೂ ಒಂದೊಂದನ್ನೇ ತಳ್ಳಿ ನೋಡಿ, ಮೈತುಂಬ ಗೀರು ಬಿದ್ದಿದ್ದ ಒಂದು ಸಣ್ಣ ಕೆಂಪು ಗಾಡಿಯ ಪಕ್ಕ ನಿಂತಳು. ನಿಂತು ಕಾಲಿನಿಂದ ಏನನ್ನೋ ಹುಡುಕಿದಳು.

"ಇದಕ್ಕೆ ಸೈಡ್ ಸ್ಟ್ಯಾಂಡ್ ಎಲ್ಲಿ?"

ಇಲ್ಲ. ಗಾಡಿ ಬಿದ್ದು ಜಾರುವಾಗ ಸ್ಟ್ಯಾಂಡು ನೆಲಕ್ಕೆ ಸಿಕ್ಕಿಕೊಳ್ಳಬಾರದೆಂದು ಟ್ರ್ಯಾಕಿನ ಗಾಡಿಗಳಲ್ಲಿ ಅದನ್ನು ಬಿಚ್ಚಿಟ್ಟಿರುತ್ತಾರೆ. ಕನ್ನಡಿಯೂ ಇಲ್ಲ, ಹಾರನ್ನೂ ಇಲ್ಲ. ನಿಲ್ಲಿಸಿದಾಗ ಕೆಲಸದವರು ಬಂದು ಹಿಂದಿನ ಚಕ್ರಕ್ಕೆ ಕಬ್ಬಿಣದ ಆಸರೆ ಕೊಡುತ್ತಾರೆ. ಆ ದಿನ ಸುಮಿ ಎರಡು ಸಲ ಗಾಡಿ ನಿಲ್ಲಿಸಿ ಇಲ್ಲದ ಸ್ಟ್ಯಾಂಡನ್ನು ಕಾಲಲ್ಲಿ ಒದ್ದು ಇಳಿಯಹೋದಳು. ಎರಡು ಸಲವೂ ಕೆಲಸದವರು ಓಡಿಬಂದು ಹಿಡಿದುಕೊಂಡರು.

ಓಟದಲ್ಲಿ ಅವಳು ಎಲ್ಲರಿಗಿಂತ ಹಿಂದೆ. ನೊಯ್ ದಾಟಿಹೋದಳು. ಮಲೇಷ್ಯಾದ ಲಿಮ್ ಎಂಬ ಹಲ್ಲಿನ ಡಾಕ್ಟರು ಎರಡು ಸಲ ದಾಟಿದ. ಸಂಜೆ ಊಟಕ್ಕೆ ಕೂತಾಗ ಅವನು ನನ್ನ ಪಕ್ಕ ಬಂದು ಕೂತ. ಅಂಕಲ್, ನಿಮ್ಮ ತಂಗಿ ರಸ್ತೆಯಲ್ಲಿ ಹಸು ಬರುತ್ತದೆ ಅಂದುಕೊಂಡೇ ಓಡಿಸುತ್ತಾರೆ, ಇಲ್ಲಿ ಹಸು ಬರುವುದಿಲ್ಲ ಎಂದು ಹೇಳಿ ಎಂದ. ಸುಮಿ ಕೇಳಿಸಿಕೊಂಡು ಕನ್ನಡದಲ್ಲಿ ಅಂದಳು: "ಬರಲ್ಲ ಅಂತ ಇವನ್ಹತ್ರ ಹಸು ಹೇಳಿದ್ಯಂತಾ?" ನಾನು ಅನುವಾದ ಮಾಡಿದೆ. ಲಿಮ್ ಅನ್ನ ಮೂಗಿಗೆ ಏರುವ ಹಾಗೆ ನಕ್ಕ.

ಭಾನುವಾರ

ಬೆಳಿಗ್ಗೆ ಹೊಲಗಳ ಕಡೆಯಿಂದ, ಅಂದರೆ ನನ್ನ ಬೆನ್ನಿನ ಕಡೆಯಿಂದ ಟ್ರ್ಯಾಕಿನತ್ತ ಗಾಳಿ ಬೀಸುತ್ತಿತ್ತು. ಮೊದಲು ಕಂಡದ್ದು ಲಿಮ್. ಹಿಂದೆ ನೊಯ್. ಅವಳ ಹಿಂದೆ, ತೀರಾ ದೂರವಲ್ಲ, ಸುಮಿ. ರಾತ್ರಿ ಕಳೆಯುವುದರೊಳಗೆ ಅವಳ ಕೈ ಸಡಿಲವಾಗಿತ್ತು. ಗಾಡಿ ಒಳಮಗ್ಗುಲಿಗೆ ಬಾಗಿ ನನ್ನೆಡೆಗೆ ಬರುವುದನ್ನು ನೋಡಿ ಹೆಮ್ಮೆಪಡುತ್ತಿದ್ದೆ. ಲಿಮ್‌ನ ಮುಂದಿನ ಚಕ್ರ ಜಾರಿದ್ದು ಆಗ.

ಅವನು ಗಾಡಿಯಿಂದ ಬೇರೆಯಾಗಿ ಟಾರಿನ ಮೇಲೆ ಉರುಳಿದ. ಗಾಡಿ ಒಂದೇ ಜಾರಿಗೆ ಹುಲ್ಲಿನ ಪಿಂಡಿಗಳಿಗೆ ಬಡಿಯಿತು. ಎರಡು ಮೂರು ಪಿಂಡಿಗಳ ಹುರಿ ಕಿತ್ತು ಹುಲ್ಲು ಮೇಲಕ್ಕೆದ್ದಿತು. ಗಾಳಿ ಅದನ್ನೆಲ್ಲ ಹೊತ್ತು ಟಾರಿನ ಮೇಲೆ ಹರಡಿತು. ರಸ್ತೆಯ ಅಗಲಕ್ಕೂ ಹಳದಿ ಹಾಸು. ಬಾವುಟದವನು ಬಾವುಟ ಎತ್ತಿದ, ಆದರೆ ನೊಯ್ ಆಗಲೇ ತಿರುವಿನೊಳಗಿದ್ದಳು. ಅವಳು ಬ್ರೇಕು ಹಿಡಿದಳು. ಹುಲ್ಲಿನ ಮೇಲೆ ಹಿಂದಿನ ಚಕ್ರ ಪಕ್ಕಕ್ಕೆ ಹೋಯಿತು, ಗಾಡಿ ಅಡ್ಡ ಮಲಗಿತು. ಅವಳು ಒಳಬದಿಗೆ ಜಾರಿಹೋದಳು.

ಇನ್ನು ಸುಮಿ. ನಾನು ಬೇಲಿಯ ತಂತಿ ಹಿಡಿದುಕೊಂಡೆ. ಅವಳ ಮುಂದೆ ಹುಲ್ಲು, ಹುಲ್ಲಿನ ಒಳಮಗ್ಗುಲಲ್ಲಿ ಇಬ್ಬರು ಮನುಷ್ಯರು, ಹೊರಮಗ್ಗುಲಲ್ಲಿ ಪಿಂಡಿಗಳ ಗೋಡೆ.

ಬಾಗಿದ್ದ ಗಾಡಿ ನೆಟ್ಟಗಾಯಿತು. ಅದನ್ನು ಹುಲ್ಲು ಮುಟ್ಟುವ ಮೊದಲೇ ನೆಟ್ಟಗೆ ಮಾಡಿದಳು, ಆಮೇಲಲ್ಲ. ಅವಳ ಬಲಗೈ ಬೆರಳುಗಳು ನನಗೆ ಕಾಣುತ್ತಿದ್ದವು. ಬ್ರೇಕಿನ ಮೇಲೆ ಇರಲಿಲ್ಲ. ಎಂಜಿನ್ನಿನ ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದೇ ಸಮ ಹುಲ್ಲಿನ ಮೇಲೆ ಹಾದು, ಪಿಂಡಿಗಳ ಸಾಲು ಮುಗಿದಲ್ಲಿದ್ದ ತೆರಪಿನಲ್ಲಿ ತೂರಿ, ಹಸಿರು ಬಯಲಿಗೆ ಹೋದಳು. ಬಯಲಿನಲ್ಲಿ ನಿಧಾನ ಮಾಡಿದಳು. ನಿಲ್ಲಿಸಿದಳು. ಎರಡೂ ಕಾಲು ನೆಲಕ್ಕೆ ಬಂದವು.

ಆಮೇಲೆ ಎಡಗಾಲಿನಿಂದ ಇಲ್ಲದ ಸ್ಟ್ಯಾಂಡನ್ನು ಒದ್ದು, ಗಾಡಿ ಇಳಿದು, ಲಿಮ್‌ನ ಕಡೆ ಓಡಿದಳು. ಅವಳು ನಾಲ್ಕು ಹೆಜ್ಜೆ ಹೋಗುವುದರೊಳಗೆ ಅವಳ ಹಿಂದೆ ಗಾಡಿ ಮೆಲ್ಲಗೆ ವಾಲಿ ಬಿತ್ತು. ಅವಳು ತಿರುಗಿ ನೋಡಲಿಲ್ಲ.

ನೊಯ್ ತಾನೇ ಎದ್ದು ಕೂತಳು. ಲಿಮ್ ಏಳಲಿಲ್ಲ. ಬಾವುಟದವನು ಓಡಿಬಂದು ಅವನ ಹೆಲ್ಮೆಟ್ಟಿಗೆ ಕೈ ಹಾಕಿದ. ಸುಮಿ ಆ ಕೈಯನ್ನು ತಳ್ಳಿದಳು. ಮಂಡಿಯೂರಿ ಕೂತು, ಎರಡೂ ಕೈಯಿಂದ ಹೆಲ್ಮೆಟ್ಟಿನ ಸಮೇತ ಅವನ ತಲೆ ಅಲ್ಲಾಡದಂತೆ ಹಿಡಿದುಕೊಂಡಳು. ಕೂಡಿದವರಲ್ಲಿ ಒಬ್ಬರಿಗೂ ಅವಳ ಭಾಷೆ ಬಾರದು. ಆದರೆ ವಾರ್ಡಿನಲ್ಲಿ ಹೇಳುವ ದನಿಯಲ್ಲಿ "ಯಾರೂ ಮುಟ್‌ಬೇಡಿ, ಹಿಂದಕ್ ಹೋಗ್ರಿ" ಎಂದಾಗ ಎಲ್ಲರೂ ಹಿಂದಕ್ಕೆ ಹೋದರು. ಅಂಬುಲೆನ್ಸಿನವರು ಬಂದು ಕತ್ತಿಗೆ ಪಟ್ಟಿ ಕಟ್ಟುವವರೆಗೂ ಕೈ ಬಿಡಲಿಲ್ಲ. ಲಿಮ್ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, ನನ್ನ ಬೈಕು ಹೇಗಿದೆ ಎಂದು. ಅವನ ಎಡ ಭುಜದ ಮೂಳೆ ಮುರಿದಿತ್ತು. ಕತ್ತಿನಲ್ಲೂ ಸಣ್ಣ ಬಿರುಕಿತ್ತೆಂದೂ, ಅಲ್ಲಾಡಿಸದೆ ಇದ್ದದ್ದು ಒಳ್ಳೆಯದಾಯಿತೆಂದೂ ಆಸ್ಪತ್ರೆಯವರು ಸಂಜೆ ತಿಳಿಸಿದರು.

ಎಳನೀರಿನ ಹೆಂಗಸು ತನ್ನ ಸ್ಟೂಲನ್ನು ನನ್ನ ಹಿಂದೆ ಸರಿಸಿ ಕೂರಿಸಿದಳು. ಅವಳ ಹೆಸರು ಲೆಕ್. ಒಂದು ಎಳನೀರು ಕೆತ್ತಿ ಕೈಗಿಟ್ಟಳು.

ಟ್ರ್ಯಾಕ್ ಬರಿದಾದ ಮೇಲೆ ಸುಮಿ ಬಯಲಿಗೆ ಹೋಗಿ ತನ್ನ ಗಾಡಿಯನ್ನು ನೋಡಿದಳು. ಕ್ಲಚ್ಚಿನ ಹಿಡಿ ಮುರಿದಿತ್ತು. ಕೆಲಸದವರು ಬಂದರೂ ಬಿಡದೆ, ಬೆನ್ನು ಹಾಕಿ ತಾನೇ ಎತ್ತಿ ನಿಲ್ಲಿಸಿದಳು.

"ನೋಡಿದ್ಯಾ ಅಣ್ಣ?"

"ನೋಡ್ದೆ."

"ಅವ್ವಂಗೆ ಏನ್ ಹೇಳ್ತೀಯ?"

"ಕಂಡಷ್ಟು. ನೀನು ಬೀಳ್ಲಿಲ್ಲ ಕಣೇ."

"ಗಾಡಿ ಬಿತ್ತಲ್ಲ. ನಿನ್ನೆಯಿಂದ ಎರಡು ಸಲ ಹೇಳ್ಕೊಟ್ಟಿದ್ರು, ಸ್ಟ್ಯಾಂಡ್ ಇಲ್ಲ ಅಂತ. ಮರ್ತು ಬೀಳಿಸ್ದೆ. ಅವ್ವನ ಮುಂದೆ ಆಣೆ ಹಾಕ್ಬಿಟ್ಟು ಈಗ ಲಾಯರ್ ಥರ ಮಾತಾಡಕ್ಕಾಗುತ್ತಾ?"



ಸೋಮ್‌ಚಾಯ್ ಕಾಲೆಳೆಯುತ್ತ ಬಂದರು. ಹುಲ್ಲಿನ ಮೇಲೆ ಹಾಗೆ ಓಡಿಸಲು ಎಲ್ಲಿ ಕಲಿತೆ ಎಂದು ಕೇಳಿದರು. ರಾಗಿಗೆ ಅವಳಿಗೆ ಇಂಗ್ಲಿಷ್ ತೋಚಲಿಲ್ಲ. ನಾನು ಹೇಳಿದೆ, ನಮ್ಮ ತಾಯಿ ರಸ್ತೆಗೆ ಹುಲ್ಲು ಹಾಕುತ್ತಿದ್ದರು, ಇವಳು ಅದರ ಮೇಲೆ ಓಡಿಸುತ್ತಿದ್ದಳು. ಅವರು ಬಹಳ ಹೊತ್ತು ಯೋಚಿಸಿದರು. ಹಾಗಾದರೆ ನಿಮ್ಮ ತಾಯಿಯೂ ರೇಸ್ ಕಲಿಸುತ್ತಾರೆಯೇ, ಎಷ್ಟು ಜನ ಶಿಷ್ಯರು ಎಂದರು. ಒಬ್ಬಳೇ ಎಂದೆ. ಅವರು ಎದೆಯ ಮುಂದೆ ಕೈಜೋಡಿಸಿ, ಈ ನಮಸ್ಕಾರವನ್ನು ನಿಮ್ಮ ತಾಯಿಗೆ ತಲುಪಿಸಿ ಎಂದರು.

ಹಗರೆ

ಮನೆಗೆ ಹೋದಾಗ ಅವ್ವ ಜಗಲಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಸುಮಿ ಒಳಗೆ ಹೋಗಿ ನೀಲಿ ಗಾಡಿಯ ಕೀಲಿಯನ್ನು ತಂದು ಅವ್ವನ ಮುಂದೆ ಇಟ್ಟಳು. ಅವ್ವ ಕೀಲಿ ನೋಡಿದಳು, ಸುಮಿಯನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಹೇಳ್ಲಾ."

ನಾನು ಎಲ್ಲಿ ನಿಂತಿದ್ದೆ ಎನ್ನುವುದರಿಂದ ಶುರುಮಾಡಿ ಹೇಳಿದೆ. ಹುಲ್ಲಿನ ವಿಷಯ ಬಂದಾಗ ಮೊರ ನಿಂತಿತು.

"ಬ್ರೇಕ್ ಮುಟ್ಟಿದ್ಲಾ?"

"ಇಲ್ಲ."

"ಹ್ಯಾಂಡ್ಲು ತಿರುಗಿಸಿದ್ಲಾ?"

"ಇಲ್ಲ. ಮೊದ್ಲೇ ನೆಟ್ಟಗೆ ಮಾಡ್ಕೊಂಡ್ಲು."

"ಹೂಂ. ಮುಂದಕ್ಕೇಳು."

ಗಾಡಿ ಬಿದ್ದದ್ದನ್ನೂ ಹೇಳಿದೆ. ಓಡಿಸುವಾಗ ಬಿದ್ದದ್ದಲ್ಲ, ಇಳಿದ ಮೇಲೆ ವಾಲಿ ಬಿದ್ದದ್ದು; ಆದರೆ ಬಿದ್ದದ್ದು ನಿಜ ಎಂದೆ. ಹಿಡಿ ಮುರಿದದ್ದನ್ನೂ ಬಿಡಲಿಲ್ಲ. ಸುಮಿ ಕಂಬಕ್ಕೊರಗಿ ನೆಲ ನೋಡುತ್ತಿದ್ದಳು.

"ಆ ಹಲ್ಲಿನ ಡಾಕ್ಟ್ರು ಬದುಕವ್ನಾ?"

"ಬದುಕವ್ನೆ."

ಅವ್ವ ಮೊರದಲ್ಲಿ ಎರಡು ಸಲ ಕೇರಿದಳು. ಹೊಟ್ಟು ಹಾರಿತು. "ಮನ್ಸ ಬಿದ್ದವ್ನೆ ಅಂತ ಓಡೋವಾಗ ಗಾಡಿ ನಿಂತೈತಾ ಬಿತ್ತಾ ಅಂತ ತಿರುಗಿ ನೋಡಿದ್ರೆ, ಆಗ ಮಾರಿಸ್ತಿದ್ದೆ ನಾನು" ಎಂದಳು. ಮೊರದ ಅಂಚಿನಿಂದ ಕೀಲಿಯನ್ನು ಸುಮಿಯ ಕಡೆ ತಳ್ಳಿದಳು. "ಎತ್ತಿಟ್ಕೋ. ಕಾಳ್ ಜೊತೆ ಸೇರ್ಕೊಂಡಾತು."

ಸುಮಿ ಕೀಲಿ ಎತ್ತಿಕೊಂಡಳು. "ಬಾ ಅವ್ವ, ಹಳೇಬೀಡು ಕೆರೆ ತಂಕ ಒಂದು ಸುತ್ತು" ಎಂದಳು.

"ನಾನ್ಯಾಕೆ ಅದ್ರ ಮ್ಯಾಲೆ ಮಲಗ್ಲಿ? ಬಸ್ ಐತೆ."

ಸೋಮ್‌ಚಾಯ್ ಅವರ ನಮಸ್ಕಾರವನ್ನು ಆಗ ತಲುಪಿಸಿದೆ. ಎದೆಯ ಮುಂದೆ ಕೈ ಹೇಗೆ ಜೋಡಿಸಿದರೆಂದು ತೋರಿಸಿದೆ. ಅವ್ವ ಕೈಯ ಧೂಳು ಸೆರಗಿಗೆ ಒರೆಸಿಕೊಂಡು, ಹಾಗೇ ತಿರುಗಿ ಜೋಡಿಸಿದಳು.

ಆ ಬೆಳಿಗ್ಗೆ ಐದನೇ ತಿರುವಿನಲ್ಲಿ ಇದನ್ನು ನೋಡಿದವರಲ್ಲಿ ಸೋಮ್‌ಚಾಯ್ ಈಗಿಲ್ಲ. ಮರುವರ್ಷ ಕಾಯಿಲೆಯಲ್ಲಿ ತೀರಿಕೊಂಡರೆಂದು ನೊಯ್ ತಿಳಿಸಿದಳು. ಬಾವುಟದವನ ಹೆಸರು ನಾನು ಕೇಳಲಿಲ್ಲ. ನೊಯ್ ಇದ್ದಾಳೆ, ಈಗಲೂ ಓಡಿಸುತ್ತಾಳೆ. ಲಿಮ್ ಇದ್ದಾನೆ, ಎಡಗೈ ಪೂರ್ತಿ ಮೇಲಕ್ಕೆ ಬರುವುದಿಲ್ಲ, ಹಲ್ಲು ಕೀಳಲು ಬಲಗೈ ಸಾಕು ಎನ್ನುತ್ತಾನೆ. ಲೆಕ್ ಅದೇ ಬೇಲಿಯ ಪಕ್ಕ ಎಳನೀರು ಕೆತ್ತುತ್ತಾಳೆ. ಸುಮಿತ್ರಾ ಇದ್ದಾಳೆ, ನೀಲಿ ಗಾಡಿಯೂ ಇದೆ. ನಾನಿದ್ದೇನೆ. ಅವ್ವ ಅಲ್ಲಿರಲಿಲ್ಲ. ಆದರೆ ಹಗರೆಯಲ್ಲಿ ಯಾರಾದರೂ ಈ ವಿಷಯ ಕೇಳಿದರೆ ನನ್ನನ್ನು ಸುಮ್ಮನಿರಿಸಿ ಹೇಳುವವಳು ಅವಳೇ, ಹುಲ್ಲು ಎಷ್ಟು ದಪ್ಪ ಬಿದ್ದಿತ್ತು ಎನ್ನುವುದರಿಂದ ಹಿಡಿದು.